ಕೈ ಕಟ್, ಬಾಯ್ ಮುಚ್, ಫೀಸ್ ಕಟ್ಟು

ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತದಿಂದ ಮೇಜು ಕುಟ್ಟಿ ‘ಕೈ ಕಟ್, ಬಾಯ್ ಮುಚ್’ ಎನ್ನುತ್ತಿದ್ದರು. ಐವತ್ತು ಮಕ್ಕಳೂ ಗಪ್‌ಚುಪ್. ಅದೇ ಮೈಂಡ್‌ಫುಲ್‌ನೆಸ್, ಅಂದರೆ ಮನಸ್ಸನ್ನು ಈ ಕ್ಷಣದಲ್ಲೇ ನಿಲ್ಲಿಸುವ ಅಭ್ಯಾಸ, ಅಂತ ಪಾಪ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಫೀಸ್ ಕೇಳುತ್ತಿದ್ದರು.

ಈಗ ನನ್ನ ಮಗಳ ಶಾಲೆಯಲ್ಲಿ ಅದಕ್ಕೊಂದು ಪೀರಿಯಡ್ ಇದೆ. ಫೀಸ್ ರಸೀದಿಯಲ್ಲಿ ಒಂದು ಸಾಲೂ ಇದೆ. ಮೊನ್ನೆ ಒಣದ್ರಾಕ್ಷಿ ಪಾಠ. ಅಮೆರಿಕದ ಜಾನ್ ಕಬಾಟ್-ಝಿನ್ 1979ರಲ್ಲಿ ಆಸ್ಪತ್ರೆಯ ರೋಗಿಗಳಿಗೆಂದು ಶುರು ಮಾಡಿದ ತರಬೇತಿಯಿಂದ ಬಂದದ್ದು. ಒಂದೇ ಒಂದು ದ್ರಾಕ್ಷಿ. ನೋಡಬೇಕು, ಮೂಸಬೇಕು, ಕಿವಿ ಹತ್ತಿರ ಹಿಡಿಯಬೇಕು, ಆಮೇಲೆ ನಿಧಾನಕ್ಕೆ ಜಗಿಯಬೇಕು. ಮಗಳು ಐದು ನಿಮಿಷ ಜಗಿದಳಂತೆ. ಅಷ್ಟರಲ್ಲಿ ಊಟದ ಬೆಲ್. ಹದಿನೈದು ನಿಮಿಷದಲ್ಲಿ ಕೈ ತೊಳೆದು, ಡಬ್ಬಿ ತೆರೆದು, ಮೂರು ಚಪಾತಿ ನುಂಗಬೇಕು. ಚಪಾತಿ ಸಿಲಬಸ್‌ನಲ್ಲಿ ಇಲ್ಲವಲ್ಲ! ಎರಡು ಡಬ್ಬಿಯಲ್ಲೇ ವಾಪಸ್ ಬಂದವು.

ಸರ್ಕಾರಗಳೂ ಸುಮ್ನೆ ಕೂತಿಲ್ಲ. ದೆಹಲಿಯವರು 2018ರಲ್ಲಿ ದಲಾಯಿ ಲಾಮಾ ಅವರನ್ನು ಕರೆಸಿ ಹ್ಯಾಪಿನೆಸ್ ಪಠ್ಯಕ್ರಮ ಶುರು ಮಾಡಿದರು. ಅದಕ್ಕೆ ಪರೀಕ್ಷೆ ಇಡಲಿಲ್ಲ, ಅಷ್ಟರ ಮಟ್ಟಿಗೆ ಜಾಣರು. ನಮ್ಮಲ್ಲಿ 2022ರಲ್ಲಿ ಶಾಲೆಗಳಲ್ಲಿ ದಿನಾ ಹತ್ತು ನಿಮಿಷ ಧ್ಯಾನದ ಮಾತು ಬಂತು. ಆದರೆ ಉಸಿರಾಟದ ನಿಜವಾದ ಅಭ್ಯಾಸ ನಡೆದದ್ದು 2024ರಲ್ಲಿ. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಉಂಟು, ಇಲ್ಲ, ಉಂಟು ಅಂತ ಹೈಕೋರ್ಟು, ಸುಪ್ರೀಂ ಕೋರ್ಟು ಸುತ್ತಿ ಬರುವಷ್ಟು ದಿನವೂ ಮಕ್ಕಳು ಉಸಿರು ಬಿಗಿ ಹಿಡಿದೇ ಕೂತಿದ್ದರು.

ಬ್ರಿಟನ್‌ನವರು ಈ ಮೈಂಡ್‌ಫುಲ್‌ನೆಸ್ ಪಾಠವನ್ನು 85 ಶಾಲೆಗಳಲ್ಲಿ, ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಕೊಟ್ಟರು. ಮಾಮೂಲಿ ಪಾಠಕ್ಕಿಂತ ಮಕ್ಕಳ ಮನಸ್ಸಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿ ಅಂದರೆ ಹೆಚ್ಚಿನವರು ಮಾಡಲೇ ಇಲ್ಲ. ಹೋಂವರ್ಕ್ ಅಲ್ವಾ, ಎಲ್ಲ ದೇಶದಲ್ಲೂ ಒಂದೇ ಕಥೆ. ಮೇಷ್ಟ್ರುಗಳ ದಣಿವು ಮಾತ್ರ ಸ್ವಲ್ಪ ದಿನ ಇಳಿಯಿತಂತೆ. ಹಾಗಿದ್ದರೆ ಪೀರಿಯಡ್ಡನ್ನು ಸ್ಟಾಫ್ ರೂಮಿಗೇ ಕೊಡಬಹುದಿತ್ತು.

ನಮ್ಮ ಶಾಲೆ ದೆಹಲಿಯಷ್ಟು ಜಾಣತನ ತೋರಲಿಲ್ಲ. ನಿನ್ನೆ ಮಾರ್ಕ್ಸ್ ಕಾರ್ಡ್ ಬಂತು. ಮೌನ: ಬಿ. ಸಹಾನುಭೂತಿ: ಸಿ. ನನ್ನವಳಿಗೆ ಗಾಬರಿ. ಎದುರು ಮನೆ ಹುಡುಗನಿಗೆ ಎರಡರಲ್ಲೂ ಎ ಪ್ಲಸ್ ಬಂದಿದೆ, ಯಾವ ಟ್ಯೂಷನ್ನಿಗೆ ಹಾಕಿದ್ದಾರೆ ಕೇಳಿ ಬನ್ನಿ ಅಂದಳು.

ಸಿ ಯಾಕೆ ಬಂತು ಪುಟ್ಟಿ ಅಂತ ಕೇಳಿದೆ.

‘ಎಲ್ಲರೂ ಕಣ್ಣು ಮುಚ್ಚಿದ್ವಿ ಅಪ್ಪಾ. ಪಕ್ಕದವಳು ಅಳ್ತಿದ್ಲು. ಏನಾಯ್ತೇ ಅಂತ ಕೇಳಿದೆ, ಅಷ್ಟೇ. ಮಿಸ್ ಎದ್ದು ನಿಲ್ಲಿಸಿದ್ರು.’