ಬರೆದವರ ಹೆಸರೂ ಹೇಳಿ

ನಿನ್ನೆ ಒಂದು ಆರತಕ್ಷತೆಗೆ ಹೋಗಿದ್ದೆ. ಆರ್ಕೆಸ್ಟ್ರಾ ಇತ್ತು, ಚೆನ್ನಾಗಿಯೇ ಹಾಡಿದರು. 'ಜೊತೆಯಲಿ ಜೊತೆ ಜೊತೆಯಲಿ' ಶುರುವಾದಾಗ ಊಟಕ್ಕೆ ಸಾಲಿನಲ್ಲಿ ನಿಂತವರೂ ತಿರುಗಿ ನೋಡಿದರು. ಹಾಡಿಗೆ ಮುಂಚೆ ನಿರೂಪಕಿ ಶಂಕರ್‌ನಾಗ್ ಹೆಸರು ಹೇಳಿದಳು. ಇಳಯರಾಜ, ಎಸ್‌ಪಿಬಿ, ಜಾನಕಿಯಮ್ಮ, ಎಲ್ಲರ ಹೆಸರೂ ಬಂತು. ಆಮೇಲೆ 'ಎಂದೆಂದೂ ನಿನ್ನನು ಮರೆತು'. ರಾಜ್‌ಕುಮಾರ್, ರಾಜನ್-ನಾಗೇಂದ್ರ, ಪಿ.ಬಿ. ಶ್ರೀನಿವಾಸ್, ವಾಣಿ ಜಯರಾಂ. ಅದಾದ ಮೇಲೆ 'ಯಾರೇ ಕೂಗಾಡಲಿ'. ಮೂರೂ ಹಾಡು ಬರೆದವರು ಒಬ್ಬರೇ. ಅವರ ಹೆಸರು ಒಂದು ಸಲವೂ ಬರಲಿಲ್ಲ.

ಚಿ. ಉದಯಶಂಕರ್.

ರಾತ್ರಿಯೆಲ್ಲ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ನಿಮಗೆ ಗೊತ್ತಲ್ಲ, ನನಗೆ ಹಳೆಯ ಸಿನಿಮಾ ಹಾಡಿನ ಪುಸ್ತಕಗಳ ಹುಚ್ಚು. ಟಾಕೀಸಿನ ಹೊರಗೆ ಮಾರುತ್ತಿದ್ದ ಆ ತೆಳ್ಳನೆಯ ಪುಸ್ತಕಗಳಲ್ಲೂ ಬರೆದವರ ಹೆಸರು ಇರುತ್ತಿತ್ತು. ಈಗ ಆ್ಯಪ್ ತೆರೆದರೆ ಹಾಡಿನ ಕೆಳಗೆ ಗಾಯಕರ ಹೆಸರು ಮಾತ್ರ ಕಾಣುತ್ತದೆ. ಸಾಹಿತ್ಯ ಯಾರದ್ದು ಅಂತ ತಿಳಿಯಬೇಕಾದರೆ ಹುಡುಕಿಕೊಂಡು ಒಳಗೆ ಹೋಗಬೇಕು.

ನವೆಂಬರ್ ಬಂದರೆ ಊರೂರಲ್ಲಿ 'ನಾವಾಡುವ ನುಡಿಯೇ ಕನ್ನಡ ನುಡಿ' ಕೇಳುತ್ತದೆ. 1973ರ 'ಗಂಧದ ಗುಡಿ' ಹಾಡು. ಅದರ ಬೆನ್ನಿಗೇ 'ಜೇನಿನ ಹೊಳೆಯೋ ಹಾಲಿನ ಮಳೆಯೋ', 1982ರ 'ಚಲಿಸುವ ಮೋಡಗಳು'. ಎರಡೂ ಉದಯಶಂಕರ್ ಬರೆದದ್ದೇ. ಒಂದು ನಾಡು ತನ್ನ ಹಬ್ಬದ ದಿನ ಒಬ್ಬ ಮನುಷ್ಯನ ಮಾತನ್ನು ಬಾಯಿತುಂಬಾ ಹಾಡುತ್ತದೆ. ಅದೇ ವೇದಿಕೆಯಲ್ಲಿ ಆ ಮನುಷ್ಯನ ಹೆಸರು ಹೇಳುವವರಿಲ್ಲ. ಇದು ನನಗೆ ತಡೆಯಲಾಗದ ಸಂಕಟ.

ಅವರ ಕೆಲಸ ಎಷ್ಟು ದೊಡ್ಡದು ಅಂತ ಸ್ವಲ್ಪ ನೋಡಿ. ಹುಟ್ಟಿದ್ದು 1934ರಲ್ಲಿ. ತಂದೆ ಚಿ. ಸದಾಶಿವಯ್ಯ ಕೂಡ ಸಿನಿಮಾಕ್ಕೆ ಬರೆಯುತ್ತಿದ್ದವರು. ಮಗ ಸಾವಿರಾರು ಹಾಡು ಬರೆದರು, ಜೊತೆಗೆ ಎಷ್ಟೋ ಸಿನಿಮಾಗಳಿಗೆ ಸಂಭಾಷಣೆಯನ್ನೂ ಬರೆದರು. ಅವರ ಹಾಡಿನ ಗುಟ್ಟು ಇಲ್ಲೇ ಇದೆ ಅಂತ ನನ್ನ ನಂಬಿಕೆ. ಪಾತ್ರ ಮಾತಾಡುವುದನ್ನು ಬರೆದ ಕೈಯೇ ಅದು ಹಾಡುವುದನ್ನೂ ಬರೆಯಿತು. ಹಾಗಾಗಿ ಹಾಡು ಬಂದಾಗ ಪಾತ್ರ ಇದ್ದಕ್ಕಿದ್ದಂತೆ ಕವಿಯಾಗಿಬಿಡುವುದಿಲ್ಲ. ಮಾತಾಡುತ್ತಿದ್ದ ಹಾಗೆಯೇ ಹಾಡಿಗೆ ಜಾರುತ್ತದೆ.

'ಯಾರೇ ಕೂಗಾಡಲಿ' ತೆಗೆದುಕೊಳ್ಳಿ. 1974ರ 'ಸಂಪತ್ತಿಗೆ ಸವಾಲ್', ಜಿ.ಕೆ. ವೆಂಕಟೇಶ್ ಸಂಗೀತ. ಎಮ್ಮೆಯ ಮೇಲೆ ಕೂತ ಹಳ್ಳಿಯವನು ಎಮ್ಮೆಯನ್ನೇ ಹೊಗಳಿ ಹಾಡಬೇಕು. ಬೇರೆ ಯಾರಾದರೂ ಆಗಿದ್ದರೆ ನಗಿಸಿ ಸುಮ್ಮನಾಗುತ್ತಿದ್ದರೇನೋ. ಇವರು ಎಮ್ಮೆಯ ನೆಮ್ಮದಿಯನ್ನು ಹಿಡಿದು, ಬೈಗುಳ ತಿಂದೂ ಅಲುಗಾಡದೆ ಇರುವ ಬದುಕನ್ನೇ ಬರೆದುಬಿಟ್ಟರು. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾದದ್ದು ಈ ಹಾಡಿನಿಂದ. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವರ ಬಾಯಿಗೆ ಆ ಮಾತು ಕೊಟ್ಟವರು ಯಾರು ಅನ್ನುವುದು ಕಥೆಯಲ್ಲಿ ಬರುವುದೇ ಇಲ್ಲ.

ಇನ್ನು 'ಕಸ್ತೂರಿ ನಿವಾಸ', 1971. ಈ ಸಿನಿಮಾದ ಹಾಡಿನ ಬಗ್ಗೆ ಮಾತಾಡಿದರೆ ನನ್ನ ಗಂಟಲು ಕಟ್ಟುತ್ತದೆ. ಮೊದಲು 'ಆಡಿಸಿ ನೋಡು ಬೀಳಿಸಿ ನೋಡು'. ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆಯ ಹಾಡು, ಮಕ್ಕಳಿಗೂ ಅರ್ಥವಾಗುತ್ತದೆ. ಆಮೇಲೆ ಅದೇ ಟ್ಯೂನ್ 'ಆಡಿಸಿದಾತ ಬೇಸರ ಮೂಡಿ ಆಟ ಮುಗಿಸಿದ' ಆಗಿ ಬರುತ್ತದೆ. ರಾಗ ಅದೇ, ಗೊಂಬೆ ಅದೇ. ಮೊದಲನೆಯದು ಬದುಕುವ ಧೈರ್ಯ ಕೊಡುತ್ತದೆ, ಎರಡನೆಯದು ಎದೆ ಒಡೆಯುತ್ತದೆ. ಇಲ್ಲಿ ಬದಲಾದದ್ದರಲ್ಲಿ ಬಹುಪಾಲು ಪದಗಳೇ ಅಲ್ವಾ? ನಮ್ಮ ಅಪ್ಪ ತೀರಿಕೊಂಡ ವರ್ಷ ಪೂರ್ತಿ ನನಗೆ ಎರಡನೆಯದನ್ನು ಕೇಳಲು ಆಗಲಿಲ್ಲ. ಇಂದಿಗೂ ಒಬ್ಬಳೇ ಇದ್ದಾಗ ಹಾಕಿಕೊಳ್ಳುವುದಿಲ್ಲ.

'ಟ್ಯೂನ್ ಚೆನ್ನಾಗಿದ್ದರೆ ಯಾರು ಬರೆದರೂ ಹಿಟ್ ಆಗುತ್ತದೆ, ಜನ ಧ್ವನಿಗೆ ಮರುಳಾಗೋದು' ಅನ್ನುವವರಿದ್ದಾರೆ. ಅದರಲ್ಲಿ ಒಂದು ಪಾಲು ನಿಜವೇ. 'ಜೊತೆಯಲಿ' ಟ್ಯೂನನ್ನು ಇಳಯರಾಜ 2007ರಲ್ಲಿ ಹಿಂದಿಯ 'ಚೀನಿ ಕಮ್' ಚಿತ್ರಕ್ಕೂ ಕೊಟ್ಟರು, ಅಲ್ಲೂ ಜನ ಮೆಚ್ಚಿದರು. ಆದರೆ ಆ ಹಾಡು ಬಂದ 1981ರಿಂದ ಇಲ್ಲಿಯವರೆಗೆ ಕನ್ನಡದ ಮದುವೆಗಳಲ್ಲಿ ಜನ ಬರೀ ಟ್ಯೂನ್ ಗುನುಗಿ ಬಿಡುತ್ತಿಲ್ಲ. ಪಲ್ಲವಿಯಿಂದ ಕೊನೆಯ ಚರಣದವರೆಗೆ ಪದ ಪದವನ್ನೂ ಹಾಡುತ್ತಾರೆ. ಎಲ್ಲರಿಗೂ ಬಾಯಿಪಾಠವಾಗಿರುವುದನ್ನು ಬರೆದವರಿಗೆ ಅದರಲ್ಲಿ ಪಾಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ. 

ಹೆಸರಿನದ್ದು ಹೀಗೆ. ದುಡ್ಡಿನ ಲೆಕ್ಕ ಇನ್ನೂ ಬೇಸರದ್ದು. ನಿರ್ಮಾಪಕರು ದುಡ್ಡು ಕೊಟ್ಟು ಬರೆಸಿದ ಸಿನಿಮಾ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರದ್ದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಉದಯಶಂಕರ್ ಬಿಡುವಿಲ್ಲದೆ ಬರೆಯುತ್ತಿದ್ದ ಕಾಲ ಅದು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಥಿಯೇಟರಿನಲ್ಲಿ ಸಿನಿಮಾದ ಜೊತೆ ಬರುವುದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ, ಬರೆದವರಿಗೂ ರಾಯಲ್ಟಿಯಲ್ಲಿ ಸಮಪಾಲು ಸಿಗಬೇಕು ಎಂದಾಯಿತು. ಆ ಹೊತ್ತಿಗೆ ಉದಯಶಂಕರ್ ತೀರಿಹೋಗಿ 19 ವರ್ಷ. ಅವರು ಹೋದದ್ದು 1993ರಲ್ಲಿ, ಅರವತ್ತು ತುಂಬುವ ಮೊದಲೇ.

ಅದಕ್ಕೆ ಹಿಂದಿನ ವರ್ಷವಷ್ಟೇ 'ಜೀವನ ಚೈತ್ರ' ಬಂದಿತ್ತು. 'ನಾದಮಯ ಈ ಲೋಕವೆಲ್ಲಾ' ಹಾಡಿದ್ದಕ್ಕೆ ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೆ ನನಗಿಂತ ಜಾಸ್ತಿ ಖುಷಿಪಟ್ಟವರು ಯಾರೂ ಇಲ್ಲ. ಅಣ್ಣಾವ್ರ ಮೇಲೆ ನನಗಿರುವ ಪ್ರೀತಿ ನಿಮಗೆ ಗೊತ್ತೇ ಇದೆ. ಆ ಹಾಡನ್ನು ಬರೆದವರೂ ಉದಯಶಂಕರ್ ಅವರೇ ಅಂತ ಸೇರಿಸಿ ಹೇಳಿದರೆ ಅಣ್ಣಾವ್ರ ಹಿರಿಮೆ ಎಳ್ಳಷ್ಟೂ ಕಮ್ಮಿಯಾಗುವುದಿಲ್ಲ.

ವೇದಿಕೆಯಲ್ಲಿ ಸಮಯ ಇರುವುದಿಲ್ಲ ಅನ್ನುವ ಮಾತೂ ಕೇಳಿದ್ದೇನೆ. ರೇಡಿಯೋದ ವಿವಿಧ ಭಾರತಿಯವರು ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಅಂತ ಎಲ್ಲ ಹೇಳಿಯೇ ಹಾಡು ಹಾಕುತ್ತಿದ್ದರು. ಒಂದು ಉಸಿರಿನ ಮಾತು ಅದು. ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಗೀತಪ್ರಿಯ, ಹಾಡು ಬರೆದ ಇವರೆಲ್ಲ ಯಾರು ಅಂತ ನನ್ನ ವಯಸ್ಸಿನವರಿಗೆ ಗೊತ್ತಾದದ್ದು ಆ ಒಂದು ಉಸಿರಿನಿಂದ.

ಆರ್ಕೆಸ್ಟ್ರಾದಲ್ಲಿ ಹಾಡುವ, ನಿರೂಪಣೆ ಮಾಡುವ ಸ್ನೇಹಿತರೂ ಇದನ್ನು ಓದುವವರಲ್ಲಿ ಇದ್ದೀರಿ. ಮುಂದಿನ ಕಾರ್ಯಕ್ರಮದಿಂದಲೇ ಶುರು ಮಾಡಿ, ದಯವಿಟ್ಟು. ಯಾವ ಹಾಡು ಯಾರದ್ದು ಅಂತ ಬೇಕಿದ್ದರೆ ನನಗೆ ಮೆಸೇಜ್ ಮಾಡಿ, ಹಾಡಿನ ಪುಸ್ತಕ ತೆಗೆದು ನೋಡಿ ಹೇಳುತ್ತೇನೆ.