ಗುಂಡನಿಗೆ ಟೆನ್ಶನ್ನಂತೆ

ನಮ್ಮ ಗುಂಡನಿಗೆ ಯಾವ ಕಾಯಿಲೆಯೂ ಇಲ್ಲ. ಇದನ್ನು ಇಷ್ಟು ಧೈರ್ಯವಾಗಿ ಹೇಳಲು ನನ್ನ ಹತ್ತಿರ ಫೈಲ್ ಇದೆ. ರಕ್ತದ ರಿಪೋರ್ಟು, ಮೂತ್ರದ ರಿಪೋರ್ಟು, ಹೊಟ್ಟೆಯ ಸ್ಕ್ಯಾನು. ಮನೆಯ ಮನುಷ್ಯರಲ್ಲಿ ಯಾರಿಗೂ ಇಷ್ಟು ದಪ್ಪ ಫೈಲ್ ಇಲ್ಲ, ಶುಗರ್ ಇರುವ ನಮ್ಮ ಅತ್ತೆಯವರಿಗೂ ಇಲ್ಲ.

ಗುಂಡ ಅಂದರೆ ಬೆಕ್ಕು. ಕೋಲಾರದ ಬೀದಿಯಲ್ಲೇ ಹುಟ್ಟಿದ ಅಪ್ಪಟ ನಾಟಿ. ಅವನಿಗೆ ಅಂತಲೇ ಬಚ್ಚಲ ಪಕ್ಕ ಮರಳಿನ ಟ್ರೇ ಇಟ್ಟಿದ್ದೆವು, ಅಚ್ಚುಕಟ್ಟಾಗಿ ಬಳಸುತ್ತಲೂ ಇದ್ದ. ಆಮೇಲೆ ಏನಾಯ್ತೋ, ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ ಶುರು ಹಚ್ಚಿಕೊಂಡ. ಪಕ್ಕದಲ್ಲೇ ಬಿದ್ದಿರುವ ಕೊಳೆ ಬಟ್ಟೆಯನ್ನು ಮೂಸಿಯೂ ನೋಡುವುದಿಲ್ಲ, ಇಸ್ತ್ರಿಯದ್ದೇ ಆಗಬೇಕು. ಆಮೇಲೆ ಮಗಳ ಸ್ಕೂಲ್ ಬ್ಯಾಗು. ಕೊನೆಗೆ ನಮ್ಮೆಜಮಾನರ ಹೆಲ್ಮೆಟ್ಟು. ಅವರು ಆಫೀಸಿಗೆ ಲೇಟಾಯ್ತು ಅಂತ ಓಡುತ್ತಾ ಬಂದು ಹೆಲ್ಮೆಟ್ ಹಾಕಿಕೊಂಡರು, ಬಕಲ್ ಕೂಡ ಬಿಗಿದರು. ಆಗ ಹಣೆಯಿಂದ ಒಂದು ಹನಿ ಮೂಗಿನ ಮೇಲೆ ಇಳಿಯಿತು. ಮುಂದೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೊದಲು ಊರಿನಲ್ಲೇ ತೋರಿಸಿದೆವು. ನಮ್ಮದು ಹಾಲು, ರೇಷ್ಮೆಯ ಸೀಮೆ. ಪಶು ಡಾಕ್ಟರ ಮುಂದೆ ಕೆಚ್ಚಲು ಬಾವು ಬಂದ ಸೀಮೆ ಹಸು, ಹೊಟ್ಟೆ ಉಬ್ಬರಿಸಿದ ಮೇಕೆ, ಎಲ್ಲಾ ದೊಡ್ಡ ದೊಡ್ಡ ಸಂಕಟಗಳು. ಅವುಗಳ ನಡುವೆ ನಾನು ಬುಟ್ಟಿಯಲ್ಲಿ ಬೆಕ್ಕು ಹಿಡಿದು ನಿಂತಿದ್ದೆ. 'ಏನಮ್ಮಾ ಇದಕ್ಕೆ?' ಅಂತ ಒಬ್ಬರು ಅಜ್ಜ ಕೇಳಿದರು. 'ಇಸ್ತ್ರಿ ಬಟ್ಟೆ ಮೇಲೆ ಉಚ್ಚೆ ಮಾಡ್ತದೆ' ಅಂದೆ. ಅಜ್ಜ ಹಸುವಿನ ಹಗ್ಗವನ್ನು ಎಡಗೈಗೆ ಬದಲಾಯಿಸಿಕೊಂಡು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

ಡಾಕ್ಟರು ಒಳ್ಳೆಯವರು, ನಗಲಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು, ಹರಳು ಕಟ್ಟಿ ಮುಚ್ಚಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ, ತಿಣುಕುತ್ತಾನೆ ಆದರೆ ಮೂತ್ರ ಬರುತ್ತಿಲ್ಲ ಅಂದರೆ ಅರ್ಧ ರಾತ್ರಿಯಾದರೂ ಓಡಿ ಬನ್ನಿ ಅಂದರು. ಇಷ್ಟು ಕೇಳಿದ ಮೇಲೆ ಸುಮ್ನೆ ಕೂರೋಕಾಗುತ್ತಾ? ಸ್ಕ್ಯಾನಿಂಗ್‌ಗೆ ಬೆಂಗಳೂರಿಗೆ ಹೊರಟೆವು. ನರಸಾಪುರದವರೆಗೆ ಗುಂಡ ಕೂಗಿದ. ಹೊಸಕೋಟೆ ಟೋಲ್‌ನಲ್ಲಿ ಸುಮ್ಮನಾದ. ಯಾಕೆ ಸುಮ್ಮನಾದ ಅನ್ನೋದು ಕಾರಿನ ಸೀಟಿಗೆ ಗೊತ್ತು.

ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದೇ, 'ನಿಂತು ಮಾಡ್ತಾನಾ, ಕೂತು ಮಾಡ್ತಾನಾ?' ಬಾಲ ನಿಗುರಿಸಿ ನಿಂತು ಗೋಡೆಗೆ ಚಿಮ್ಮಿಸಿದರೆ ಅದು 'ಇದು ನನ್ನ ಜಾಗ' ಅಂತ ಗಡಿ ಹಾಕೋದಂತೆ. ಕೂತು ಮಾಡಿದರೆ ಮೂತ್ರಕೋಶದ ತೊಂದರೆ ಇರಬಹುದಂತೆ. ನಾನು ಕೂತು ಅಂದೆ, ಇವರು ನಿಂತು ಅಂದರು. ಹೆಲ್ಮೆಟ್ ಒಳಗೆ ನಿಂತು ಹೇಗೆ ಮಾಡ್ತಾನೆ ಅಂತ ಅಲ್ಲೇ ಜಗಳ ಶುರುವಾಯ್ತು. ಡಾಕ್ಟರ್ ಕಂಪ್ಯೂಟರಿನಲ್ಲಿ ಏನನ್ನೋ ಟೈಪ್ ಮಾಡಿದರು. ನಮ್ಮ ಬಗ್ಗೆಯೇ ಇರಬೇಕು.

ಸ್ಕ್ಯಾನ್ ನೋಡಿಕೊಂಡು ಹೊಟ್ಟೆಯ ಮೂಲಕ ಸೂಜಿ ಹಾಕಿ ಮೂತ್ರ ತೆಗೆದರು. ಮನೆಯಲ್ಲಿ ಕೇಳದೆಯೇ ಎಲ್ಲೆಲ್ಲೂ ಕೊಡುವ ಮಾಲಿಗೆ ಇಲ್ಲಿ ದುಡ್ಡು. ಹರಳಿಲ್ಲ, ಸೋಂಕಿಲ್ಲ, ಕಿಡ್ನಿ ಚೆನ್ನಾಗಿದೆ. 'ಸ್ಟ್ರೆಸ್' ಅಂದರು ಡಾಕ್ಟರ್. ಇಂಥ ತೊಂದರೆಗೆ ಬರುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವಕ್ಕೆ ಬೇರೆ ಕಾರಣವೇ ಸಿಗುವುದಿಲ್ಲವಂತೆ.

ನಮ್ಮ ಅತ್ತೆಗೆ ಕೋಪ ಬಂದರೆ ತೆಲುಗು ಬರುತ್ತದೆ. 'ಪಿಲ್ಲಿಕಿ ಏಮಿ ಟೆನ್ಶನು?' ಅಂತ ಶುರು ಮಾಡಿದರು. ಬೆಕ್ಕಿಗೆ ಏನು ಟೆನ್ಶನ್ನು? ಇಎಂಐ ಕಟ್ಟುತ್ತಾ, ಮಗಳ ಮದುವೆ ಮಾಡಬೇಕಾ, ಬೋರ್‌ವೆಲ್ ಬತ್ತಿದೆಯಾ? ಮೂರು ಹೊತ್ತು ತಿಂದು ಫ್ರಿಜ್ ಮೇಲೆ ಮಲಗುವವನಿಗೆ! ಮಾವ ಬಿಲ್ ಮಾತ್ರ ಕೇಳಿದರು. ಅವರು ಟೊಮ್ಯಾಟೊ ಬೆಳೆಗಾರರು, ಪ್ರಪಂಚದ ಎಲ್ಲಾ ಖರ್ಚೂ ಅವರಿಗೆ 15 ಕೆಜಿ ಬಾಕ್ಸಿನ ಲೆಕ್ಕ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆ ರೇಟಿನಲ್ಲಿ ಗುಂಡನ ಬಿಲ್ಲು ಮೂರು ಬಾಕ್ಸು. ರೇಟು ಬಿದ್ದ ದಿನಗಳಲ್ಲಾದರೆ ಒಂದು ಟೆಂಪೋ. 'ಏನೂ ಇಲ್ಲ ಅಂತ ಹೇಳೋಕೆ ಒಂದು ಟೆಂಪೋನಾ? ಏನಾದರೂ ಇದ್ದಿದ್ದರೆ ತೋಟಾನೇ ಬರೆದುಕೊಡಬೇಕಿತ್ತು' ಅಂದರು. ನನಗೂ ಹಾಗೇ ಅನ್ನಿಸಿತ್ತು, ಬಾಯಿಬಿಡಲಿಲ್ಲ.

ಟೆನ್ಶನ್ನಿನ ಮೂಲ ಆಮೇಲೆ ಪತ್ತೆಯಾಯಿತು. ಸಂಜೆಯಾದರೆ ಒಂದು ಕರಿ ಗಡವ ಬೆಕ್ಕು ಬಂದು ಕಾಂಪೌಂಡ್ ಮೇಲೆ ಕೂತು ಕಿಟಕಿಯೊಳಗೆ ನೋಡುತ್ತದೆ. ಗದ್ದಲವಿಲ್ಲ, ಜಗಳವಿಲ್ಲ, ಸುಮ್ನೆ ನೋಡುತ್ತದೆ ಅಷ್ಟೇ. ಗುಂಡ ಬಾಲ ಉಬ್ಬಿಸಿಕೊಂಡು ಒಳಗೆ ಓಡುತ್ತಾನೆ, ಕೈಗೆ ಸಿಕ್ಕ ಇಸ್ತ್ರಿ ಬಟ್ಟೆಯ ಮೇಲೆ ಕೂರುತ್ತಾನೆ. ಕಿಟಕಿಯ ಕೆಳಭಾಗಕ್ಕೆ ಹಳೇ ಕ್ಯಾಲೆಂಡರ್ ಅಂಟಿಸಿದೆವು. ಬೆಕ್ಕು ಎಷ್ಟಿದ್ದರೂ ಟ್ರೇ ಅದಕ್ಕಿಂತ ಒಂದು ಜಾಸ್ತಿ ಇರಬೇಕು ಅಂದಿದ್ದರು ಡಾಕ್ಟರ್, ಅದಕ್ಕೆ ಎರಡನೇ ಟ್ರೇ ಬಂತು. ಫಿನೈಲ್ ಹಾಕಿದರೆ ನಮ್ಮ ಮೂಗಿಗಷ್ಟೇ ವಾಸನೆ ಹೋಗುತ್ತದೆ, ಅವನ ಮೂಗಿಗಲ್ಲ ಅಂತ ಎಂಜೈಮ್ ಇರುವ ಬೇರೆ ಲಿಕ್ವಿಡ್ಡೂ ಬಂತು. ಜೊತೆಗೆ ಸೊಳ್ಳೆ ಮಷೀನಿನ ಹಾಗೆ ಪ್ಲಗ್ಗಿಗೆ ಹಾಕುವ ಫೆರೊಮೋನ್ ಡಬ್ಬಿ. ಅದರ ವಾಸನೆ ಬೆಕ್ಕಿಗೆ ಮಾತ್ರ ತಿಳಿಯುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದಂತೆ, ಮನುಷ್ಯರಿಗೆ ಏನೂ ಆಗುವುದಿಲ್ಲವಂತೆ.

ಗುಂಡ ಈಗ ಪರವಾಗಿಲ್ಲ. ಹೆಲ್ಮೆಟ್ ಮಾತ್ರ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇವೆ. ಅತ್ತೆ ತಮ್ಮ ಮಂಚವನ್ನು ಆ ಪ್ಲಗ್ಗಿನ ಪಕ್ಕಕ್ಕೆ ಎಳೆಸಿಕೊಂಡಿದ್ದಾರೆ. ಎಷ್ಟೋ ವರ್ಷದಿಂದ ಬಾರದ ನಿದ್ದೆ ಈಗ ಬರ್ತಿದೆಯಂತೆ. ಡಬ್ಬಿ ಖಾಲಿಯಾಗ್ತಿದೆ, ಇನ್ನೊಂದು ತರಿಸು ಅಂತ ನಿನ್ನೆ ಅವರೇ ನೆನಪಿಸಿದರು.