ಫ್ರಿಜ್ಜಿನ ಪಕ್ಕದಲ್ಲಿ ಕಂಡ ಬೇಸ್‌ಬಾಲ್

ಮೂಢನಂಬಿಕೆ ಏನಿದ್ದರೂ ನಮ್ಮ ಕಡೆಯದು ಅಂದುಕೊಂಡವರು 2004ರ ಅಕ್ಟೋಬರಿನಲ್ಲಿ ಬಾಸ್ಟನ್ ಕಡೆ ಇರಬೇಕಿತ್ತು.

ನಾವಾಗ ಪಕ್ಕದ ಸಾಮರ್‌ವಿಲ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಕೆಳಗಡೆ ಓನರು. ಎಪ್ಪತ್ತು ದಾಟಿದ ಜೀವ. ರೆಡ್ ಸಾಕ್ಸ್ ಎಂಬ ಬಾಸ್ಟನ್ನಿನ ಬೇಸ್‌ಬಾಲ್ ತಂಡ ಬಿಟ್ಟರೆ ಅವರಿಗೆ ಬೇರೆ ದೇವರಿಲ್ಲ. ಆ ದೇವರೋ, 1918ರಿಂದ ಈಚೆಗೆ ವರ್ಲ್ಡ್ ಸೀರೀಸ್ ಎಂಬ ಫೈನಲ್ ಗೆದ್ದಿರಲಿಲ್ಲ. ಬೇಬ್ ರೂತ್ ಎಂಬ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸಿಗೆ ಮಾರಿದ್ದರ ಶಾಪ ಅದು ಅಂತ ಓನರು ನನಗೆ ವಿವರಿಸಿದ್ದರು. ಬೆಕ್ಕು ಅಡ್ಡ ಬಂದರೆ ನಿಲ್ಲುವ ನಮ್ಮಮ್ಮನ ಬಗ್ಗೆ ಹೇಳಿದಾಗ ನಕ್ಕಿದ್ದೂ ಇವರೇ.

ಆ ವರ್ಷ ಅಮೆರಿಕನ್ ಲೀಗ್ ಚಾಂಪಿಯನ್‌ಶಿಪ್‌ನಲ್ಲಿ, ಅಂದರೆ ವರ್ಲ್ಡ್ ಸೀರೀಸಿಗೆ ಮುಂಚಿನ ಸುತ್ತಿನಲ್ಲಿ, ಎದುರಿಗೆ ಅದೇ ಯಾಂಕೀಸ್. ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ. ರೆಡ್ ಸಾಕ್ಸ್ ಮೊದಲ ಮೂರನ್ನೂ ಸೋತಿತ್ತು, ಮೂರನೆಯದನ್ನಂತೂ 19-8ರಲ್ಲಿ. ಹೀಗೆ ಮೂರು ಸೋತು ಆಮೇಲೆ ಸೀರೀಸ್ ಗೆದ್ದ ತಂಡ ಆ ಲೀಗಿನ ಚರಿತ್ರೆಯಲ್ಲೇ ಇರಲಿಲ್ಲ. ಭಾನುವಾರ ನಾಲ್ಕನೆಯದಕ್ಕೆ ಓನರು ನನ್ನನ್ನು ಕರೆದರು. ಸಾವಿನ ಮನೆಗೆ ಹೋದ ಹಾಗೆ ಮೆತ್ತಗೆ ಹೋಗಿ ಕೂತೆ.

ಒಂಬತ್ತನೇ ಇನ್ನಿಂಗ್ಸ್. 4-3ರಲ್ಲಿ ಹಿಂದೆ. ಎಸೆಯುವವನು ಯಾಂಕೀಸಿನ ಮರಿಯಾನೋ ರಿವೇರಾ, ಅಂದರೆ ಕಥೆ ಮುಗೀತು ಅಂತಲೇ ಅರ್ಥ. ನಾನು ನೀರಿಗೆಂದು ಅಡುಗೆಮನೆಗೆ ಹೋದೆ. ಲೋಟ ತುಂಬುವಷ್ಟರಲ್ಲಿ ಟಿವಿ ಇದ್ದ ಕೋಣೆಯಲ್ಲಿ ಬೊಬ್ಬೆ. ರೆಡ್ ಸಾಕ್ಸಿನ ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದಿದ್ದ! ಅಂದರೆ ಚೆಂಡು ಬ್ಯಾಟಿನವನ ಕಡೆ ಹೊರಟ ಗಳಿಗೆಯಲ್ಲೇ ಓಡಿ ರನ್ನಿನ ದಾರಿಯ ಮುಂದಿನ ಬೇಸ್ ಸೇರಿಕೊಳ್ಳುವುದು. ಈ ಆಟದಲ್ಲಿ ಕಳ್ಳತನಕ್ಕೆ ಕೇಸಿಲ್ಲ. ನೋಡೋಣ ಅಂತ ಬಾಗಿಲಿಗೆ ಬಂದೆ.

"ಏ ಹುಡುಗಾ, ಅಲ್ಲೇ ನಿಲ್ಲು! ಅಲ್ಲಾಡಬೇಡ!"

ಫ್ರಿಜ್ಜಿನ ಪಕ್ಕ ನಿಂತೆ. ಬಿಲ್ ಮ್ಯೂಲರ್ ಹೊಡೆದ, ರಾಬರ್ಟ್ಸ್ ಓಡಿ ಬಂದ, ಸ್ಕೋರು ಸಮ. ಅಲ್ಲಿಗೆ ನನ್ನ ಜಾಗ ಖಾಯಂ ಆಯ್ತು. ಈ ಆಟದಲ್ಲಿ ಡ್ರಾ ಅನ್ನುವುದಿಲ್ಲ, ಯಾರಾದರೂ ಗೆಲ್ಲುವವರೆಗೂ ಎಳೆಯುತ್ತಾರೆ. ಹನ್ನೆರಡನೇ ಇನ್ನಿಂಗ್ಸಿನಲ್ಲಿ ಡೇವಿಡ್ ಓರ್ಟಿಸ್ ಹೋಮ್‌ರನ್, ಅಂದರೆ ಇಲ್ಲಿನ ಸಿಕ್ಸರ್, ಹೊಡೆದು ರೆಡ್ ಸಾಕ್ಸನ್ನು ಗೆಲ್ಲಿಸಿದಾಗ ರಾತ್ರಿ 1:22. ನನಗೆ ಕಂಡಿದ್ದು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಪಿಜ್ಜಾ ಕೂಪನ್ನು ಮತ್ತು ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಚೀಟಿ. ನಡುವೆ ಹೆಂಡತಿ ಫೋನು ಮಾಡಿ "ಎಲ್ಲಿದ್ದೀರಿ?" ಅಂದಳು. "ಓನರ ಫ್ರಿಜ್ಜಿನ ಹತ್ತಿರ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಸೋಮವಾರ ಸಂಜೆ ಅವರೇ ಮೇಲೆ ಬಂದು ಕರೆದೊಯ್ದರು. ಐದನೆಯ ಪಂದ್ಯ ಹದಿನಾಲ್ಕು ಇನ್ನಿಂಗ್ಸ್, 5 ಗಂಟೆ 49 ನಿಮಿಷ. ಒಮ್ಮೆ ಬಾತ್‌ರೂಮಿಗೆ ಅನುಮತಿ ಕೇಳಿದೆ. "ಯಾಂಕೀಸ್ ಬ್ಯಾಟಿಂಗ್ ಮುಗಿಯಲಿ" ಅಂದರು. ಪುಣ್ಯಕ್ಕೆ ಕೊನೆಗೆ ಮತ್ತೆ ಓರ್ಟಿಸ್ ಹೊಡೆದ.

ಸಚಿನ್ ಆಡುವಾಗ ಸೀಟು ಬಿಟ್ಟು ಏಳಬಾರದು ಅಂತ ಬೆಳೆದವನು ನಾನು. ಹಾಗಾಗಿ ಜಾಸ್ತಿ ವಾದ ಮಾಡಲಿಲ್ಲ. ಆದರೆ ನಾವು ಕನಿಷ್ಠ ಟಿವಿ ಮುಂದೆ ಕೂರುತ್ತಿದ್ದೆವು, ಅಲ್ವಾ?

ಆರನೆಯದರಲ್ಲಿ ರೆಡ್ ಸಾಕ್ಸಿನ ಕರ್ಟ್ ಶಿಲ್ಲಿಂಗ್ ಹೊಲಿಗೆ ಹಾಕಿದ ಕಣಕಾಲಲ್ಲೇ ಬೌಲ್ ಮಾಡಿದ, ಕಾಲುಚೀಲದಲ್ಲಿ ರಕ್ತ. ಊರೆಲ್ಲ ಅವನ ಕಾಲಿನ ಬಗ್ಗೆಯೇ ಮಾತು. ನನ್ನ ಕಾಲನ್ನು ಯಾರೂ ಕೇಳಲಿಲ್ಲ. ಅದನ್ನೂ ಗೆದ್ದರು, ಏಳನೆಯದನ್ನೂ 10-3ರಲ್ಲಿ. ಆಮೇಲೆ ವರ್ಲ್ಡ್ ಸೀರೀಸಿನಲ್ಲಿ ಸೇಂಟ್ ಲೂಯಿಸ್ ತಂಡವನ್ನು 4-0 ಮಣಿಸಿ 86 ವರ್ಷದ ಶಾಪ ಕಳಚಿತು. ಓನರು ನನ್ನನ್ನು ಅಪ್ಪಿಕೊಂಡು "ನಿನ್ನಿಂದಲೇ" ಅಂತ ಗಳಗಳ ಅತ್ತರು.

ಜನವರಿಯಲ್ಲಿ ಬಾಡಿಗೆ ಐವತ್ತು ಡಾಲರ್ ಏರಿಸಿದರು. ಯಾಕೆ ಅಂತ ಕೇಳಿದೆ.

"ಈಗ ಇದು ಚಾಂಪಿಯನ್ನರ ಊರು ಕಣಯ್ಯಾ!"